ವಾನಪ್ರಸ್ಥವೂ ನಾಗರಬಾವಿಯೂ

ತಲೆ ನರೆತುದನ್ನೂ ಮೈ ಸುಕ್ಕುಗಟ್ಟಿದುದನ್ನೂ ಮಕ್ಕಳ ಮಕ್ಕಳನ್ನೂ ಕಂಡ ಮೇಲೆ ಗೃಹಸ್ಥನು ಅರಣ್ಯವನ್ನು ಆಶ್ರಯಿಸಬೇಕೆಂಬುದು ಮನುಸ್ಮೃತಿಯ ಆರನೆಯ ಅಧ್ಯಾಯದ ವಿಧಿ. ಪತ್ನಿಯನ್ನು ಮಕ್ಕಳಿಗೆ ಒಪ್ಪಿಸಬಹುದು, ಇಲ್ಲವೆ ಜೊತೆಯಲ್ಲಿ ಕರೆದೊಯ್ಯಬಹುದು. ಆಕೆಗೂ ತನ್ನದೇ ಆದ ಕಾಲವೊಂದುಂಟೆಂಬ ಯೋಚನೆ ಅಲ್ಲಿ ಸುಳಿಯದು.

ಬೆಂಗಳೂರಿನ ಪಶ್ಚಿಮದ ನಾಗರಬಾವಿಯಲ್ಲಿ ಈ ಕ್ರಮ ತಲೆಕೆಳಗಾಯಿತು. 1976ರಲ್ಲಿ ಸ್ಥಾಪಿತವಾದ ಅಭಿವೃದ್ಧಿ ಪ್ರಾಧಿಕಾರದ ನಿವೇಶನಗಳಲ್ಲಿ ಮನೆ ಕಟ್ಟಿದವರು ಮನೆಯಲ್ಲಿಯೇ ಉಳಿದರು. 1990ರ ದಶಕದಿಂದೀಚೆಗೆ ಗಣಕವಿದ್ಯೆಯನ್ನು ನೆಚ್ಚಿ ಹೊರಟವರು ಮಕ್ಕಳು. ಗಂಡನ ನಿವೃತ್ತಿಗೆ ಪಿಂಚಣಿಯ ಆಜ್ಞೆಯಾದರೂ ಉಂಟು. ಬುತ್ತಿ ಕಟ್ಟುವ ಕೆಲಸದಿಂದ ತಾಯಿ ಬಿಡುಗಡೆಯಾದ ದಿನ ಯಾವ ಕಡತದಲ್ಲಿಯೂ ಇಲ್ಲ.

ವಿ. ಕೆ. ಆರ್. ವಿ. ರಾಯರು 1971ರಲ್ಲಿ ಕೇಂದ್ರದ ಸಚಿವಪದವಿಯನ್ನು ಬಿಟ್ಟ ಮೇಲೆ, ಅರುವತ್ತು ದಾಟಿದ ವಯಸ್ಸಿನಲ್ಲಿ, 1972ರಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಸಂಸ್ಥೆ ಇದೇ ನಾಗರಬಾವಿಯಲ್ಲಿದೆ. ಅವರ ಎರಡನೆಯ ಬಾಳಿಗೆ ಕಟ್ಟಡವೇ ಸಾಕ್ಷಿ. ಪಕ್ಕದ ಬಡಾವಣೆಯ ಗೃಹಿಣಿ ಮೂಲೆಗಿಟ್ಟಿದ್ದ ವೀಣೆಯನ್ನು ಮತ್ತೆ ಕೈಗೆತ್ತಿಕೊಂಡಳೆ, ಅಥವಾ ಸೊಸೆಯ ಬಾಣಂತನಕ್ಕೆಂದು ವಿದೇಶಕ್ಕೆ ಹೋಗಿ ಆ ಬಿಡುವನ್ನೂ ಕಳೆದುಕೊಂಡಳೆ? ಇದಕ್ಕೆ ಆಧಾರಗಳು ಮನೆಯ ಲೆಕ್ಕದ ಪುಸ್ತಕ, ಕಾಗದಗಳು, ಬಾಯಿಮಾತು. ಕಾಗದಗಳಾದರೋ ಈಗ ದೂರವಾಣಿಯ ಮಾತಿನಲ್ಲಿ ಕರಗಿಹೋಗಿವೆ. ಹೇಳುವವರು ಇನ್ನೂ ಇದ್ದಾರೆ. ಶಾಸನಗಳಿಗಾಗಿ ಊರೂರು ಅಲೆಯುವ ನಮ್ಮ ವಿದ್ಯಾರ್ಥಿಗಳು ಈ ಬಾಗಿಲುಗಳನ್ನು ಇನ್ನೂ ತಟ್ಟಬೇಕಾಗಿದೆ.