ಪಿಪ್ ಬೇರೆ, ಕೆಲಸದ ಸಾಮರ್ಥ್ಯದ ಪರೀಕ್ಷೆ ಬೇರೆ: ಬ್ರಿಟನ್ನಿನ ಅನಾರೋಗ್ಯ ಮತ್ತು ಅಂಗವೈಕಲ್ಯ ಬೆನಿಫಿಟ್‌ಗಳ ಬಗ್ಗೆ ಒಂದಿಷ್ಟು ಮಾಹಿತಿ



ಯುಗಾದಿಗೋ ರಾಜ್ಯೋತ್ಸವಕ್ಕೋ ಸೇರಿದಾಗ ನಾವು ಮನೆ ಸಾಲ, ಮಕ್ಕಳ ಗ್ರಾಮರ್ ಸ್ಕೂಲು, ವೀಸಾ ಇವುಗಳ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತೇವೆ. ಕಾಯಿಲೆ ಬಿದ್ದು ಕೆಲಸ ನಿಂತರೆ ಮನೆ ಹೇಗೆ ನಡೆಯುತ್ತದೆ ಎಂಬ ಮಾತು ಮಾತ್ರ ಬರುವುದೇ ಇಲ್ಲ. ಬಂದರೂ ಅಡುಗೆಮನೆಯ ಮೂಲೆಯಲ್ಲಿ, ಪಿಸುಮಾತಿನಲ್ಲಿ. ಬೆನಿಫಿಟ್ ಎಂದರೆ ಕೈಚಾಚುವುದು ಎಂಬ ಭಾವನೆ ನಮ್ಮವರಲ್ಲಿ ಇನ್ನೂ ಹೋಗಿಲ್ಲ. ಪ್ರತಿ ತಿಂಗಳ ಪೇಸ್ಲಿಪ್‌ನಲ್ಲಿ ನ್ಯಾಷನಲ್ ಇನ್ಶೂರೆನ್ಸ್ ಎಂದು ಹಣ ಕಡಿತವಾಗುತ್ತದಲ್ಲ, ಅದು ಹೆಸರೇ ಹೇಳುವಂತೆ ವಿಮೆ. ಕಾರಿಗೆ ಪೆಟ್ಟಾದರೆ ಕ್ಲೇಮ್ ಮಾಡಲು ನಾಚದ ನಾವು ಮೈಗೆ ಪೆಟ್ಟಾದಾಗ ಯಾಕೆ ನಾಚಬೇಕು?

ನಾನು ವಕೀಲನಲ್ಲ, ಸಾಫ್ಟ್‌ವೇರ್ ಎಂಜಿನಿಯರ್. ಇಲ್ಲಿರುವುದು ಸಾಮಾನ್ಯ ಮಾಹಿತಿ. ನಿಮ್ಮ ಸ್ವಂತ ಪ್ರಕರಣಕ್ಕೆ ಸಿಟಿಜನ್ಸ್ ಅಡ್ವೈಸ್‌ನವರನ್ನು ಕೇಳಿ, ಅವರ ಸೇವೆ ಉಚಿತ.

ಮೊದಲು ತಿಳಿಯಬೇಕಾದ್ದು, ಇಲ್ಲಿ ಎರಡು ಬೇರೆ ಬೇರೆ ಪರೀಕ್ಷೆಗಳಿವೆ. ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್, ಅಂದರೆ ಎಲ್ಲರೂ ಕರೆಯುವ ಪಿಪ್, 2013ರ ಏಪ್ರಿಲ್‌ನಲ್ಲಿ ಬಂದಿತು. ದಿನನಿತ್ಯದ ಬದುಕಿಗೆ ಮತ್ತು ಓಡಾಟಕ್ಕೆ ನಿಮಗೆಷ್ಟು ಸಹಾಯ ಬೇಕು ಎಂದು ಅದು ನೋಡುತ್ತದೆ. ನೀವು ಕೆಲಸ ಮಾಡುತ್ತಿದ್ದೀರೋ ಇಲ್ಲವೋ, ಬ್ಯಾಂಕಿನಲ್ಲಿ ಎಷ್ಟಿದೆ, ಅದಕ್ಕೆ ಬೇಕಿಲ್ಲ. ಇನ್ನೊಂದು ವರ್ಕ್ ಕೇಪಬಿಲಿಟಿ ಅಸೆಸ್ಮೆಂಟ್, 2008ರ ಅಕ್ಟೋಬರ್‌ನಲ್ಲಿ ಇ.ಎಸ್.ಎ. ಎಂಬ ಭತ್ಯೆಯ ಜೊತೆಗೆ ಬಂದದ್ದು. ನೀವು ಕೆಲಸ ಹುಡುಕಬೇಕೋ ಬೇಡವೋ ಎಂಬುದಷ್ಟೇ ಅದರ ಪ್ರಶ್ನೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇವು ಎರಡು ಪ್ರತ್ಯೇಕ ಪ್ರೋಗ್ರಾಂಗಳು. ಒಂದರ ಔಟ್‌ಪುಟ್ ಇನ್ನೊಂದಕ್ಕೆ ಇನ್‌ಪುಟ್ ಆಗುವುದಿಲ್ಲ. ಪಿಪ್ ಸಿಕ್ಕಿತೆಂದು ಕೆಲಸದ ಪರೀಕ್ಷೆ ಪಾಸಾಗುವುದಿಲ್ಲ, ಪಿಪ್ ನಿಂತಿತೆಂದು ಇನ್ನೊಂದು ಬೆನಿಫಿಟ್ಟೂ ಹೋಯಿತೆಂದು ಕೈಚೆಲ್ಲಬೇಕಾಗಿಯೂ ಇಲ್ಲ.

ನಡೆಯುವ ವಿಷಯವನ್ನೇ ತೆಗೆದುಕೊಳ್ಳಿ. ಪಿಪ್‌ನಲ್ಲಿ ಎದ್ದು ನಿಂತು ನಡೆಯುವುದು ಲೆಕ್ಕ. 20 ಮೀಟರಿಗಿಂತ ಹೆಚ್ಚು ಆದರೆ 50 ಮೀಟರಿಗಿಂತ ಹೆಚ್ಚಿಲ್ಲದಷ್ಟು ದೂರ ಮಾತ್ರ ಸಹಾಯವಿಲ್ಲದೆ ನಡೆಯಬಲ್ಲವರಿಗೆ 8 ಅಂಕ. ಎಂಟು ಅಂಕಕ್ಕೆ ಸಾಧಾರಣ ದರ, ಹನ್ನೆರಡಕ್ಕೆ ಹೆಚ್ಚಿನ ದರ. ಕೆಲಸದ ಪರೀಕ್ಷೆಯಲ್ಲಿ ಲೆಕ್ಕಕ್ಕೆ ಬರುವುದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವುದು. ಕೈಯಿಂದ ತಳ್ಳುವ ಗಾಲಿಕುರ್ಚಿಯನ್ನು ನೀವು ಬಳಸಬಹುದಾಗಿದ್ದರೆ ಅದೂ ಸೇರುತ್ತದೆ. ಹಾಗಾಗಿ ಕಾಲಿಗೆ ಸ್ವಾಧೀನವಿಲ್ಲದ, ತೋಳಿಗೆ ಬಲವಿರುವ ವ್ಯಕ್ತಿಗೆ ಪಿಪ್‌ನ ಓಡಾಟದ ಭಾಗದಲ್ಲಿ ಪೂರ್ತಿ 12 ಅಂಕ ಬಂದು, ಕೆಲಸದ ಪರೀಕ್ಷೆಯ ಅದೇ ವಿಭಾಗದಲ್ಲಿ ಶೂನ್ಯ ಬರಬಹುದು. ಇದರಲ್ಲಿ ಯಾರೂ ಸುಳ್ಳು ಹೇಳಿದಂತಾಗಲಿಲ್ಲ, ಪ್ರಶ್ನೆಗಳೇ ಬೇರೆ.

ಊರಿನಿಂದ ಬಂದ ನಮಗೆ ಇನ್ನೊಂದು ಅಭ್ಯಾಸವೂ ಅಡ್ಡ ಬರುತ್ತದೆ. ಭಾರತದಲ್ಲಿ ಅಂಗವೈಕಲ್ಯವನ್ನು ಶೇಕಡಾವಾರು ಅಳೆಯುತ್ತಾರೆ. 2016ರ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿ, ಶೇ. 40 ಎಂಬ ಗೆರೆ ಎಳೆದಿದ್ದಾರೆ. ಅದರ ಮೇಲಿದ್ದರೆ ಮೀಸಲಾತಿಯಂಥ ಸೌಲಭ್ಯಗಳಿಗೆ ದಾರಿಯಾಗುತ್ತದೆ. ಇಲ್ಲಿ ಆ ಸರ್ಟಿಫಿಕೇಟ್ ತಂದು ತೋರಿಸಿದರೆ ವೈದ್ಯಕೀಯ ದಾಖಲೆಯಾಗಿ ಫೈಲಿಗೆ ಸೇರುತ್ತದೆ, ಅಷ್ಟೇ. ಕಾಯಿಲೆಯ ಹೆಸರಿಗಾಗಲಿ ಶೇಕಡಾ ಅಂಕಿಗಾಗಲಿ ಅಂಕವಿಲ್ಲ. ಆ ಕಾಯಿಲೆಯಿಂದ ನಿಮಗೆ ಏನು ಮಾಡಲಾಗುವುದಿಲ್ಲ ಎಂಬುದಕ್ಕೆ ಮಾತ್ರ.

ಈಗ ಹಣದ ಮಾತು. ನೌಕರಿಯಲ್ಲಿರುವವರಿಗೆ ಮೊದಲು ಸ್ಟ್ಯಾಚುಟರಿ ಸಿಕ್ ಪೇ, ಗರಿಷ್ಠ 28 ವಾರ. ಅದು ಮುಗಿಯುವ ಮೂರು ತಿಂಗಳ ಮೊದಲೇ ನ್ಯೂ ಸ್ಟೈಲ್ ಇ.ಎಸ್.ಎ.ಗೆ ಅರ್ಜಿ ಹಾಕಬಹುದು. ಕಳೆದ ಎರಡು ಮೂರು ವರ್ಷಗಳಲ್ಲಿ ಸಾಕಷ್ಟು ನ್ಯಾಷನಲ್ ಇನ್ಶೂರೆನ್ಸ್ ಕಟ್ಟಿದವರಿಗೆ ಇದು ಸಿಗುತ್ತದೆ. ಉಳಿತಾಯ ಎಷ್ಟಿದೆ, ಹೆಂಡತಿ ಅಥವಾ ಗಂಡನ ಸಂಬಳ ಎಷ್ಟು ಎಂದು ಕೇಳುವುದಿಲ್ಲ. ಇಬ್ಬರೂ ದುಡಿಯುವ ನಮ್ಮಂಥ ಮನೆಗಳಿಗೆ ಬಹುಪಾಲು ದಕ್ಕುವುದು ಇದೊಂದೇ. 2025-26ರ ದರದಲ್ಲಿ 25 ವರ್ಷ ದಾಟಿದವರಿಗೆ ವಾರಕ್ಕೆ 92.05 ಪೌಂಡ್, ಸಪೋರ್ಟ್ ಗ್ರೂಪ್ ಸೇರಿದರೆ ಅದರ ಮೇಲೆ 48.50 ಪೌಂಡ್. ದೊಡ್ಡ ಮೊತ್ತವಲ್ಲ, ಆದರೂ ಕೌನ್ಸಿಲ್ ಟ್ಯಾಕ್ಸು, ಕರೆಂಟು ಬಿಲ್ಲಿಗಾದೀತು.

ವೀಸಾದ ಮೇಲಿರುವವರು ಈ ಸಾಲನ್ನು ಎರಡು ಸಲ ಓದಿ. ನಿಮ್ಮ ವೀಸಾದಲ್ಲಿ "ಪಬ್ಲಿಕ್ ಫಂಡ್ಸ್ ಪಡೆಯುವಂತಿಲ್ಲ" ಎಂಬ ಷರತ್ತಿದ್ದರೆ ಪಿಪ್, ಯೂನಿವರ್ಸಲ್ ಕ್ರೆಡಿಟ್, ಅಟೆಂಡೆನ್ಸ್ ಅಲೋವೆನ್ಸ್, ಕೇರರ್ಸ್ ಅಲೋವೆನ್ಸ್ ಇವಕ್ಕೆ ಅರ್ಜಿ ಹಾಕುವುದು ವೀಸಾಕ್ಕೇ ಕುತ್ತು ತರಬಹುದು. ಸಿಕ್ ಪೇ ಮತ್ತು ನ್ಯೂ ಸ್ಟೈಲ್ ಇ.ಎಸ್.ಎ. ಮಾತ್ರ ಪಬ್ಲಿಕ್ ಫಂಡ್ಸ್ ಅಲ್ಲ, ಏಕೆಂದರೆ ಒಂದು ನೌಕರಿಯ ಹಕ್ಕು, ಇನ್ನೊಂದು ನಿಮ್ಮದೇ ವಂತಿಗೆಯ ಫಲ. ವೀಸಾ ಹೋದೀತೆಂಬ ಹೆದರಿಕೆಯಲ್ಲಿ ಇದನ್ನೂ ಕೇಳದೆ ಉಳಿತಾಯ ಕರಗಿಸುವುದು ಬೇಡ. ಐ.ಎಲ್.ಆರ್. ಸಿಕ್ಕವರಿಗೆ ಸಾಮಾನ್ಯವಾಗಿ ಆ ಷರತ್ತಿರುವುದಿಲ್ಲ. ಪಿಪ್‌ಗೆ ಮಾತ್ರ ಕಳೆದ 156 ವಾರಗಳಲ್ಲಿ 104 ವಾರ ಇಲ್ಲಿ ಇದ್ದಿರಬೇಕೆಂಬ ಸಾಮಾನ್ಯ ನಿಯಮವಿದೆ. ಗಂಡನಿಗೆ ಒಂದು ಬಗೆಯ ವೀಸಾ, ಹೆಂಡತಿಗೆ ಇನ್ನೊಂದು ಇರುವ ಮನೆಗಳು ಅರ್ಜಿಗೆ ಮುನ್ನ ವಲಸೆ ಸಲಹೆಗಾರರನ್ನು ಕೇಳಲೇಬೇಕು.

ಯೂನಿವರ್ಸಲ್ ಕ್ರೆಡಿಟ್ ಇಡೀ ಮನೆಯ ಲೆಕ್ಕ. ದಂಪತಿಯ ಉಳಿತಾಯ 16,000 ಪೌಂಡ್ ಮೀರಿದರೆ ಇಲ್ಲ. ಊರಿನಲ್ಲಿ ನಿಮ್ಮ ಹೆಸರಿನಲ್ಲಿರುವ ಸೈಟು, ಬ್ಯಾಂಕಿನ ಫಿಕ್ಸೆಡ್ ಡಿಪಾಸಿಟ್ಟು ಕೂಡ ಬಂಡವಾಳವೇ, ಅರ್ಜಿಯಲ್ಲಿ ಹೇಳಲೇಬೇಕು. "ಅದು ಅಪ್ಪನ ಕಾಲದ್ದು" ಎಂದು ಬಿಟ್ಟರೆ ಮುಂದೆ ಹಣ ವಾಪಸು ಕಟ್ಟುವ ಪ್ರಸಂಗ ಬರುತ್ತದೆ.

ಕೆಲಸದ ಪರೀಕ್ಷೆಯ ಫಲಿತಾಂಶ ಮೂರು ಬಗೆ. ಕೆಲಸಕ್ಕೆ ಶಕ್ತರು, ಸದ್ಯಕ್ಕೆ ಸಾಮರ್ಥ್ಯ ಸೀಮಿತ, ಕೆಲಸಕ್ಕೂ, ಅದರ ತಯಾರಿಗೂ ಸಾಮರ್ಥ್ಯ ಸೀಮಿತ. ಈ ಮೂರನೆಯದನ್ನೇ ಇ.ಎಸ್.ಎ.ಯಲ್ಲಿ ಸಪೋರ್ಟ್ ಗ್ರೂಪ್ ಎನ್ನುತ್ತಾರೆ. ಎರಡನೆಯ ಗುಂಪಿನವರಿಗೆ ಹೆಚ್ಚುವರಿ ಹಣವನ್ನು 2017ರ ಏಪ್ರಿಲ್‌ನಿಂದ ಹೊಸ ಅರ್ಜಿಗಳಿಗೆ ನಿಲ್ಲಿಸಿದ್ದಾರೆ, ಅವರಿಗೆ ನ್ಯೂ ಸ್ಟೈಲ್ ಇ.ಎಸ್.ಎ. 365 ದಿನಕ್ಕೆ ಮುಗಿಯುತ್ತದೆ. ಸಪೋರ್ಟ್ ಗ್ರೂಪಿಗೆ ಆ ಮಿತಿಯಿಲ್ಲ. ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ಮೂರನೆಯ ಗುಂಪಿನ ಹೆಚ್ಚುವರಿ ಭಾಗ 2025-26ರಲ್ಲಿ ತಿಂಗಳಿಗೆ 423.27 ಪೌಂಡ್ ಇತ್ತು. 2025ರ ಹೊಸ ಕಾಯ್ದೆಯಂತೆ 2026ರ ಏಪ್ರಿಲ್ 6ರಿಂದ ಹೊಸದಾಗಿ ಬರುವ ಹೆಚ್ಚಿನವರಿಗೆ ಅದು 217.26 ಪೌಂಡ್ ಮಾತ್ರ. ಬದುಕು ಕೊನೆಯ ಹಂತದಲ್ಲಿರುವವರಿಗೆ, ತೀವ್ರ ಹಾಗೂ ಜೀವನಪೂರ್ತಿ ಕಾಯಿಲೆಯ ನಿಯಮಕ್ಕೆ ಒಳಪಡುವವರಿಗೆ, ಮೊದಲಿನಿಂದ ಪಡೆಯುತ್ತಿದ್ದವರಿಗೆ ಹೆಚ್ಚಿನ ದರವೇ ಉಳಿಯುತ್ತದೆ.

ಪರೀಕ್ಷೆಯಲ್ಲಿ ಹತ್ತು ದೈಹಿಕ, ಏಳು ಮಾನಸಿಕ ಚಟುವಟಿಕೆಗಳಿವೆ. ಒಟ್ಟು 15 ಅಂಕ ಬೇಕು. ಅಂಕ ಬಾರದಿದ್ದರೂ, ಕೆಲಸಕ್ಕೆ ಕಳಿಸಿದರೆ ನಿಮ್ಮ ಅಥವಾ ಇತರರ ಆರೋಗ್ಯಕ್ಕೆ ಗಂಭೀರ ಅಪಾಯವಿದ್ದರೆ ಅದಕ್ಕೂ ಒಂದು ನಿಯಮವಿದೆ. ಖಿನ್ನತೆ ಇರುವವರ ವಿಷಯದಲ್ಲಿ ಇದು ಬಹಳ ಮುಖ್ಯ. ನೀವು ಮಾಡುತ್ತಿದ್ದ ನೌಕರಿಯನ್ನೇ ಮಾಡಬಲ್ಲಿರಾ ಎಂದು ಈ ಪರೀಕ್ಷೆ ಕೇಳುವುದಿಲ್ಲ. "ನನಗೆ ಕೋಡ್ ಬರೆಯಲಾಗುವುದಿಲ್ಲ" ಎಂದರೆ ಅಂಕ ಬಾರದು. ಹೊಸ ಕೆಲಸವೊಂದನ್ನು ಕಲಿಯುವುದು, ಶುರು ಮಾಡಿದ್ದನ್ನು ಮುಗಿಸುವುದು, ಅಪರಿಚಿತರೊಡನೆ ವ್ಯವಹರಿಸುವುದು, ಪರಿಚಯದ ಜಾಗಕ್ಕೆ ಒಬ್ಬರೇ ಹೋಗುವುದು, ಹೀಗೆ ಬಿಡಿಸಿ ಬರೆಯಬೇಕು.

ಇಲ್ಲಿಯೇ ನಮ್ಮವರು ಎಡವುವುದು. "ಹೇಗಿದ್ದೀರಿ?" ಎಂದರೆ ನಮ್ಮ ಬಾಯಿಗೆ ಬರುವ ಮೊದಲ ಮಾತು "ಪರವಾಗಿಲ್ಲ". ಅದು ಸಭ್ಯತೆ. ಎದುರಿಗಿರುವ ನರ್ಸ್ ಅಥವಾ ಫಿಸಿಯೊಥೆರಪಿಸ್ಟ್ ಅದನ್ನು ಉತ್ತರವೆಂದೇ ಬರೆದುಕೊಳ್ಳುತ್ತಾರೆ. "ಅಡುಗೆ ಮಾಡುತ್ತೀರಾ?" ಎಂದರೆ ಹೌದೆನ್ನುವ ಅಮ್ಮಂದಿರು, ಅನ್ನದ ಪಾತ್ರೆ ಇಳಿಸುವುದು ಮಗಳು, ತರಕಾರಿ ಹೆಚ್ಚುವುದು ಗಂಡ, ನಡುವೆ ಎರಡು ಸಲ ಮಲಗಬೇಕು ಎಂಬುದನ್ನು ಹೇಳುವುದೇ ಇಲ್ಲ. ಪಿಪ್‌ನಲ್ಲಿ ನಿಯಮವೇ ಹೀಗಿದೆ: ಸುರಕ್ಷಿತವಾಗಿ, ಒಪ್ಪುವ ಮಟ್ಟದಲ್ಲಿ, ಬೇಕಾದಷ್ಟು ಸಲ, ಸಮಂಜಸ ಸಮಯದಲ್ಲಿ ಮಾಡಲಾಗದಿದ್ದರೆ ಅದು "ಮಾಡಬಲ್ಲೆ" ಅಲ್ಲ. ಉತ್ಪ್ರೇಕ್ಷೆ ಬೇಡ, ಮುಚ್ಚುಮರೆಯೂ ಬೇಡ. ಇಂಗ್ಲಿಷ್ ತೊಡಕಾದ ಹಿರಿಯರಿಗೆ ದುಭಾಷಿಯನ್ನು ಮುಂಚಿತವಾಗಿ ಕೇಳಬಹುದು, ಜೊತೆಗೊಬ್ಬರನ್ನು ಕರೆದೊಯ್ಯಬಹುದು, ಸಂದರ್ಶನದ ಧ್ವನಿಮುದ್ರಣವನ್ನೂ ಕೇಳಬಹುದು. ಮಗನೋ ಸೊಸೆಯೋ ಅನುವಾದಿಸುವಾಗ ಮನೆಯ ಮರ್ಯಾದೆಗೆಂದು ಒಂದೆರಡು ಮಾತು ನುಂಗಿಬಿಡುವುದುಂಟು, ಆದ್ದರಿಂದ ಹೊರಗಿನ ದುಭಾಷಿಯೇ ಮೇಲು ಎಂದು ನನ್ನ ಅಭಿಪ್ರಾಯ.

ಒಂದರಿಂದ ಇನ್ನೊಂದಕ್ಕೆ ಸಾಗುವವರಿಗೆ ಕೆಲವು ಮಾತು. ನ್ಯೂ ಸ್ಟೈಲ್ ಇ.ಎಸ್.ಎ. ಮತ್ತು ಯೂನಿವರ್ಸಲ್ ಕ್ರೆಡಿಟ್ ಎರಡನ್ನೂ ಒಟ್ಟಿಗೆ ಪಡೆಯಬಹುದು. ಮೊದಲನೆಯದು ಎಷ್ಟು ಬರುತ್ತದೋ ಅಷ್ಟು ಎರಡನೆಯದರಲ್ಲಿ ಕಡಿತ. ಕೆಲಸದ ಪರೀಕ್ಷೆ ಎರಡಕ್ಕೂ ಒಂದೇ. ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ಕಾಯಿಲೆಯ ಹೆಚ್ಚುವರಿ ಭಾಗಕ್ಕೆ ಸಾಮಾನ್ಯವಾಗಿ ಮೂರು ತಿಂಗಳು ಕಾಯಬೇಕು, ಆದ್ದರಿಂದ ಡಾಕ್ಟರ ಫಿಟ್ ನೋಟ್ ಅನ್ನು ಮೊದಲ ದಿನವೇ ಕೊಡಿ. ಅರೆಕಾಲಿಕ ದುಡಿಮೆ ಇದ್ದವರಿಗೆ ಒಂದು ಗುಂಡಿಯಿದೆ: ಸಂಬಳ ವಾರಕ್ಕೆ 16 ಗಂಟೆಯ ಕನಿಷ್ಠ ವೇತನ ಮುಟ್ಟಿದರೆ, ಪಿಪ್‌ನಂಥ ಬೆನಿಫಿಟ್ ಇಲ್ಲದವರನ್ನು ಸಾಮಾನ್ಯವಾಗಿ ಪರೀಕ್ಷೆಗೇ ಕಳಿಸುವುದಿಲ್ಲ. ಹಾಗಾಗಿ ಅಂಥವರು ಪಿಪ್ ಮೊದಲು ಕೇಳುವುದು ಜಾಣತನ. ಇನ್ನು, ಹಳೆಯ ಆದಾಯ ಆಧಾರಿತ ಇ.ಎಸ್.ಎ.ಯ ಸಪೋರ್ಟ್ ಗ್ರೂಪಿನಿಂದ ನಡುವೆ ಬಿಡುವಿಲ್ಲದೆ ಯೂನಿವರ್ಸಲ್ ಕ್ರೆಡಿಟ್‌ಗೆ ಹೋದವರಿಗೆ ಹೊಸ ಪರೀಕ್ಷೆ ಬೇಕಿಲ್ಲ. ನೋಟಿಸಿನ ಗಡುವಿನೊಳಗೆ ಸಾಗಿದವರಿಗೆ ಸಿಕ್ಕ ಟ್ರಾನ್ಸಿಷನಲ್ ಮೊತ್ತ ವರ್ಷ ಕಳೆದಂತೆ ಕರಗುತ್ತದೆ, ದಂಪತಿ ಬೇರೆಯಾದರೆ ನಿಂತೇ ಹೋಗುತ್ತದೆ.

ನಿರ್ಧಾರ ಸರಿಯಿಲ್ಲವೆನಿಸಿದರೆ ಪತ್ರದ ತಾರೀಖಿನಿಂದ ಒಂದು ತಿಂಗಳೊಳಗೆ ಮರುಪರಿಶೀಲನೆ ಕೇಳಿ, ಅದರ ಉತ್ತರ ಬಂದ ಮೇಲೆ ಇನ್ನೊಂದು ತಿಂಗಳೊಳಗೆ ಟ್ರಿಬ್ಯುನಲ್‌ಗೆ ಹೋಗಬಹುದು. ಟ್ರಿಬ್ಯುನಲ್ ಸ್ವತಂತ್ರವಾದದ್ದು, ಶುಲ್ಕವಿಲ್ಲ. ಜಡ್ಜ್ ಎಂಬ ಹೆಸರಿಗೆ ಹೆದರಬೇಡಿ. ಕಳಿಸಿದ ಪ್ರತಿ ಕಾಗದದ ಪ್ರತಿ ಇಟ್ಟುಕೊಳ್ಳಿ.

ಸ್ಕಾಟ್ಲೆಂಡಿನಲ್ಲಿ ಪಿಪ್ ಬದಲು ಅಡಲ್ಟ್ ಡಿಸೆಬಿಲಿಟಿ ಪೇಮೆಂಟ್ ಇದೆ, 2022ರ ಆಗಸ್ಟ್‌ನಿಂದ ಅಲ್ಲಿ ಎಲ್ಲೆಡೆ ಜಾರಿಯಲ್ಲಿದೆ. ಕೆಲಸದ ಪರೀಕ್ಷೆ ಅಲ್ಲೂ ಇದೇ. ಈ ಪರೀಕ್ಷೆಯನ್ನೇ ರದ್ದು ಮಾಡುವ ಪ್ರಸ್ತಾಪವನ್ನು ಸರ್ಕಾರ 2025ರ ಮಾರ್ಚ್‌ನಲ್ಲಿ ಮುಂದಿಟ್ಟಿತು, 2028ರ ಗುರಿಯೊಂದಿಗೆ.

ಊರಿಗೆ ಹೋಗುವ ವಿಷಯ. ಪಿಪ್ 13 ವಾರದವರೆಗೆ, ಚಿಕಿತ್ಸೆಗಾದರೆ 26 ವಾರದವರೆಗೆ ನಿಲ್ಲುವುದಿಲ್ಲ. ನ್ಯೂ ಸ್ಟೈಲ್ ಇ.ಎಸ್.ಎ.ಗೆ ನಾಲ್ಕು ವಾರ. ಯೂನಿವರ್ಸಲ್ ಕ್ರೆಡಿಟ್‌ಗೆ ಒಂದು ತಿಂಗಳು. ಹತ್ತಿರದ ಬಂಧುವಿನ ಸಾವಿನ ಕಾರಣಕ್ಕೆ ಅದನ್ನು ಎರಡು ತಿಂಗಳಿಗೆ ವಿಸ್ತರಿಸಬಹುದು. ಅಪ್ಪನ ತಿಥಿ ಮುಗಿಸಿ ಆಸ್ತಿ ಕಾಗದಕ್ಕೆಂದು ಮೂರು ತಿಂಗಳು ನಿಂತರೆ ಹಣ ನಿಲ್ಲುತ್ತದೆ. ಟಿಕೆಟ್ ಬುಕ್ ಮಾಡಿದ ಕೂಡಲೇ, ಹೋಗುವ ಮತ್ತು ಬರುವ ತಾರೀಖು ಬರೆದು, ಪ್ರತಿಯೊಂದು ಬೆನಿಫಿಟ್ ಕಚೇರಿಗೂ ಬೇರೆ ಬೇರೆಯಾಗಿ ತಿಳಿಸಿ. ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೆ ತಲುಪುತ್ತದೆ ಎಂದುಕೊಳ್ಳಬೇಡಿ.