ಫಲಕದ ಮೇಲಿನ ಊರು



ಪರಸ್ಥಳದಲ್ಲಿ ಹಸಿದು ಬೀದಿ ಅಲೆಯುವಾಗ ‘ಉಡುಪಿ’ ಎಂಬ ಮೂರಕ್ಷರ ಕಂಡರೆ ನಮ್ಮ ಕಾಲು ತಾನಾಗಿ ಅತ್ತ ತಿರುಗುತ್ತದೆ. ಮುಂಬಯಿಯ ಮಾಟುಂಗದಲ್ಲಿ ಎ. ರಾಮ ನಾಯಕರು 1942ರಲ್ಲಿ ತೆರೆದ ಊಟದ ಮನೆಯ ಹೆಸರಿನಲ್ಲೂ ಆ ಮೂರಕ್ಷರ ಇವೆ. ಒಳಗೆ ಏನು ಸಿಗುತ್ತದೆ, ಅಡುಗೆಯವನು ಯಾವ ಕಡೆಯವನು ಎಂಬುದನ್ನೆಲ್ಲ ಊರಿನ ಹೆಸರೊಂದೇ ಹೇಳಿಬಿಡುತ್ತದೆ. ಆದರೆ ಉಡುಪಿಯಿಂದ ಹೋದವನಿಗೆ ಒಂದು ಭಾಗ್ಯವಿದೆ. ಮಗಳ ಮದುವೆಗೋ ತಾಯಿಯ ತಿಥಿಗೋ ಆತ ಬಸ್ಸು ಹತ್ತಿ ಊರಿಗೆ ಬರಬಹುದು. ಹಾಗೆ ಬರಲಾಗದ ಊರಿನ ಹೆಸರನ್ನು ಅಂಗಡಿಯ ಮೇಲೆ ಬರೆಸಿದವರೂ ಇದ್ದಾರೆ. ಅವರನ್ನು ನೋಡಲು ಇಂದು ಪಾಕಿಸ್ತಾನದ ಕರಾಚಿ ನಗರದ ಸಾಮಾನ್ಯ ಊಟದ ಅಂಗಡಿಗಳಿಗೆ ಹೋಗಿಬರೋಣ.

1941ರ ಜನಗಣತಿಯ ವೇಳೆಗೆ ಕರಾಚಿ ನಾಲ್ಕು ಲಕ್ಷದಷ್ಟು ಜನರಿದ್ದ ಬಂದರು ನಗರ. ಸುಮಾರು ಅರ್ಧದಷ್ಟು ಮಂದಿ ಹಿಂದೂಗಳು. 1947ರ ಆಗಸ್ಟಿನಲ್ಲಿ ಅದು ಹೊಸ ದೇಶದ ರಾಜಧಾನಿಯಾಯಿತು. ದೆಹಲಿ, ಲಕ್ನೋ, ಬಿಹಾರ, ಗುಜರಾತ್, ಮುಂಬಯಿಗಳಿಂದ ರೈಲಿನಲ್ಲೂ ಹಡಗಿನಲ್ಲೂ ಜನ ಬಂದಿಳಿದರು. ಇತ್ತ ಸಿಂಧಿ ಹಿಂದೂಗಳು ಬೀಗದ ಕೈಗೊಂಚಲನ್ನು ಸೆರಗಿಗೆ ಕಟ್ಟಿಕೊಂಡು ಅದೇ ಬಂದರಿನಿಂದ ಹೊರಟರು. 1951ರ ಗಣತಿಯಲ್ಲಿ ಕರಾಚಿಯ ಜನಸಂಖ್ಯೆ 10 ಲಕ್ಷ ದಾಟಿತ್ತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೊರಗಿನಿಂದ ಬಂದವರು. ಹತ್ತೇ ವರ್ಷಗಳಲ್ಲಿ ಒಂದು ನಗರ ತನ್ನ ಜನರನ್ನೇ ಬದಲಾಯಿಸಿಕೊಂಡ ಇಂಥ ಉದಾಹರಣೆಗಳು ವಿರಳ.

ಹಳೆಯ ಕರಾಚಿಯ ನಡುವೆ ಬರ್ನ್ಸ್ ರೋಡ್ ಎಂಬ ಬೀದಿಯಿದೆ. ಕಂಪೆನಿ ಸರಕಾರದ ವೈದ್ಯನಾಗಿದ್ದ ಜೇಮ್ಸ್ ಬರ್ನ್ಸ್‌ನ ಹೆಸರು ಅದಕ್ಕೆ. ಸರಕಾರಿ ಕಾಗದಪತ್ರದಲ್ಲಿ ಅದು ಮೊಹಮ್ಮದ್ ಬಿನ್ ಕಾಸಿಂ ರಸ್ತೆಯೆಂದಾಗಿದೆ. ಆದರೆ ಹೊಟ್ಟೆ ಹಸಿದವರಿಗೆ ಅದು ಇಂದಿಗೂ ಬರ್ನ್ಸ್ ರೋಡ್. ಕೆತ್ತನೆಯ ಕಲ್ಲಿನ ಮುಖದ ಹಳೆಯ ಮಹಡಿಮನೆಗಳು, ಅವುಗಳ ಕೆಳಗೆ ಸಾಲಾಗಿ ಅಂಗಡಿಗಳು. ದೆಹಲಿಯಿಂದ ಬಂದ ಬಹಳಷ್ಟು ಕುಟುಂಬಗಳು ಇಲ್ಲಿ ನೆಲೆಸಿದವು. ಹೊಲ, ಮನೆ, ಅಂಗಡಿ ಯಾವುದನ್ನೂ ಹೊತ್ತು ತರುವಂತಿರಲಿಲ್ಲ. ಕೈಯ ಹದವನ್ನು ಮಾತ್ರ ಯಾವ ಗಡಿಯ ಪೋಲೀಸನೂ ಜಪ್ತಿ ಮಾಡಲಾರ. ಒಂದು ಹಂಡೆ, ಒಂದು ಒಲೆ, ಕೂರಲು ಎರಡು ಬೆಂಚು ಇದ್ದರೆ ವ್ಯಾಪಾರ ಶುರು. ಹೀಗೆ ದೆಹಲಿಯ ಜಾಮಾ ಮಸೀದಿ ಸುತ್ತಲಿನ ಗಲ್ಲಿಗಳ ರುಚಿ ಅರಬ್ಬೀ ಸಮುದ್ರದ ದಂಡೆಗೆ ಬಂತು.

ಅದರಲ್ಲಿ ಮುಖ್ಯವಾದದ್ದು ನಿಹಾರಿ. ‘ನಹಾರ್’ ಎಂದರೆ ಅರಬ್ಬಿಯಲ್ಲಿ ಹಗಲು. ದನದ ಅಥವಾ ಎಮ್ಮೆಯ ಮೊಣಕಾಲ ಮಾಂಸವನ್ನು ಮಸಾಲೆಯೊಡನೆ ರಾತ್ರಿಯಿಡೀ ಸಣ್ಣ ಉರಿಯಲ್ಲಿ ಬೇಯಿಸಿ, ಹಿಟ್ಟು ಕದಡಿ ಮಂದ ಮಾಡಿ, ಬೆಳಗಿನ ನಮಾಜು ಮುಗಿಯುವ ಹೊತ್ತಿಗೆ ಬಡಿಸುವ ಸಾರು ಅದು. ಮೊಗಲರ ಕೊನೆಗಾಲದ ದೆಹಲಿಯಲ್ಲಿ ಹುಟ್ಟಿತೆಂದು ಹೇಳುವ ವಾಡಿಕೆಯಿದೆ. ಅರಮನೆಯ ಮಾತು ಹೇಗಾದರೂ ಇರಲಿ, ಅದು ಉಳಿದು ಬಂದದ್ದು ದುಡಿಯುವವರ ಹೊಟ್ಟೆಯಲ್ಲಿ. ಮೊಣಕಾಲ ಮಾಂಸ ಗಟ್ಟಿ. ಅವಸರದ ಉರಿಗೆ ಅದು ಚರ್ಮದಂತಾಗುತ್ತದೆ. ಆರೆಂಟು ಗಂಟೆ ತಾಳ್ಮೆಯಿಂದ ಕಾದರೆ ನರವೆಲ್ಲ ಕರಗಿ ಬೆಣ್ಣೆಯಾಗುತ್ತದೆ. ಬೆಳಿಗ್ಗೆ ಒಂದು ಬಟ್ಟಲು ತಿಂದವನು ಮಧ್ಯಾಹ್ನದವರೆಗೆ ಮೂಟೆ ಹೊರಬಲ್ಲ. ನಮ್ಮಲ್ಲಿ ಉಳುವವನು ಉಂಡು ಹೊರಡುವ ಮುದ್ದೆಯ ಲೆಕ್ಕವೇ ಇದು. ಹಿಂದಿನ ದಿನದ ಹಂಡೆಯಲ್ಲಿ ಸ್ವಲ್ಪ ಸಾರು ಉಳಿಸಿ ಮರುದಿನದ ಹಂಡೆಗೆ ಸೇರಿಸುವ ರೂಢಿಯೂ ಉಂಟು. ಹಾಲಿಗೆ ಹೆಪ್ಪು ಹಾಕಿದಂತೆ, ನಿನ್ನೆಯ ರುಚಿ ಇಂದಿನದಕ್ಕೆ ದಾರಿ ತೋರುತ್ತದೆ.

ಈಗ ಒಂದು ಅಂಗಡಿಯೊಳಗೆ ಹೋಗಿ ಕುಳಿತೆವೆಂದು ಇಟ್ಟುಕೊಳ್ಳಿ. ಬಾಗಿಲಲ್ಲೇ ಎತ್ತರದ ಕಟ್ಟೆ. ಅದರ ಮೇಲೆ ಹಂಡೆ, ಹಂಡೆಯ ಹಿಂದೆ ಉದ್ದ ಹಿಡಿಕೆಯ ಸೌಟು ಹಿಡಿದು ಕುಳಿತವನೊಬ್ಬ. ಗಂಡಸರಿಗೆ ಕೆಳಗಿನ ಬೆಂಚು. ಹೆಂಗಸರು ಮಕ್ಕಳೊಂದಿಗೆ ಬಂದವರಿಗೆ ಮೇಲೆ ‘ಫ್ಯಾಮಿಲಿ ಹಾಲ್’. ನಮ್ಮ ಹಳೆಯ ಹೋಟೆಲುಗಳ ಪರದೆ ಹಾಕಿದ ‘ಫ್ಯಾಮಿಲಿ ರೂಮು’ ನೆನಪಾಗಬಹುದು. ನಲ್ಲಿ ಬೇಕೇ ಎಂದು ಹುಡುಗ ಕೇಳುತ್ತಾನೆ. ನೀರಿನ ನಲ್ಲಿಯಲ್ಲ, ಮಜ್ಜೆ ತುಂಬಿದ ಮೂಳೆ! ಬಟ್ಟಲಿನ ಸಾರಿನ ಮೇಲೆ ಕೆಂಪು ತುಪ್ಪ ತೇಲುತ್ತಿರುತ್ತದೆ. ಪಕ್ಕದ ತಟ್ಟೆಯಲ್ಲಿ ಸಣ್ಣಗೆ ಸೀಳಿದ ಶುಂಠಿ, ಹಸಿಮೆಣಸು, ಕೊತ್ತಂಬರಿ, ನಿಂಬೆಹೋಳು. ಅವುಗಳನ್ನು ತನಗೆ ಬೇಕಾದಷ್ಟು ಉದುರಿಸಿಕೊಳ್ಳುವುದು ತಿನ್ನುವವನ ಹಕ್ಕು. ಚಮಚ ಬೇಡ. ತಂದೂರಿನಿಂದ ಆಗತಾನೇ ಎಳೆದ ನಾನ್ ಅಥವಾ ಹುಳಿ ಬರಿಸಿದ ಹಿಟ್ಟಿನ ಖಮೀರಿ ರೊಟ್ಟಿಯ ತುಂಡೇ ಚಮಚ. ಕೊನೆಗೆ ದೂಧ್ ಪತ್ತಿ, ಅಂದರೆ ನೀರು ಬೆರೆಸದೆ ಹಾಲಿನಲ್ಲೇ ಸೊಪ್ಪು ಕುದಿಸಿದ ಚಹಾ. ಸಿಹಿ ಬೇಕಾದರೆ ಅದೇ ಬೀದಿಯಲ್ಲಿ ರಬಡಿಯ ಅಂಗಡಿ. ಅದರ ಫಲಕದ ಮೇಲಿನ ಹೆಸರು ‘ದೆಹಲಿ’.

ಕರಾಚಿಯಲ್ಲಿ ನಮ್ಮ ಕಡೆಯ ಗುರುತುಗಳೂ ಇಲ್ಲದಿಲ್ಲ. ಅಲ್ಲಿ ಬೆಂಗಳೂರು ಟೌನ್ ಎಂಬ ಬಡಾವಣೆಯಿದೆ, ಟಿಪ್ಪು ಸುಲ್ತಾನ್ ರಸ್ತೆಯಿದೆ. ನಿಜಾಮರ ಸಂಸ್ಥಾನದಿಂದ ಹೋದವರ ಹೈದರಾಬಾದ್ ಕಾಲೊನಿಯಿದೆ. ಬೀದರ, ಗುಲ್ಬರ್ಗ, ರಾಯಚೂರುಗಳು 1956ರವರೆಗೆ ಹೈದರಾಬಾದ್ ರಾಜ್ಯಕ್ಕೇ ಸೇರಿದ್ದವೆಂಬುದನ್ನು ಪಶ್ಚಿಮ ತೆಲಂಗಾಣದ ನಮ್ಮ ಕೇಳುಗರಿಗೆ ನೆನಪಿಸಬೇಕಾಗಿಲ್ಲ. ಆ ಕಾಲೊನಿಯ ಅಂಗಡಿಗಳಲ್ಲಿ ಉಪ್ಪಿನಕಾಯಿ, ಹುಳಿಬೇಳೆ, ಬಘಾರೆ ಬೈಂಗನ್ ಮಾರುತ್ತಾರೆ. ಶೇಂಗಾ, ಎಳ್ಳು, ಹುಣಸೆ ಅರೆದು ಎಳೆ ಬದನೆಗೆ ಹಾಕುವ ಆ ಮಸಾಲೆಯನ್ನು ನಮ್ಮ ಎಣ್ಣೆಗಾಯಿಯ ದಾಯಾದಿ ಎಂದರೆ ತಪ್ಪಿಲ್ಲ.

ಹೋದವರ ಕಥೆ ಇದಾದರೆ, ಅಲ್ಲಿಂದ ಬಂದವರ ಕಥೆಯೂ ಇದೇ. ಕಲ್ಯಾಣದ ಸೇನಾ ಶಿಬಿರದಲ್ಲಿ ತುಂಬಿಕೊಂಡ ಸಿಂಧಿಗಳಿಂದ ಉಲ್ಲಾಸನಗರ ಬೆಳೆಯಿತು. ಖಾನ್‌ಚಂದ್ ರಾಮ್ನಾನಿ ಎಂಬ ಸಿಂಧಿ ವ್ಯಾಪಾರಿ 1953ರಲ್ಲಿ ನಮ್ಮ ಹೈದರಾಬಾದಿನ ಮೊಅಜ್ಜಂ ಜಾಹಿ ಮಾರುಕಟ್ಟೆಯ ಬಳಿ ಬೇಕರಿ ತೆರೆದು ಅದಕ್ಕೆ ‘ಕರಾಚಿ’ ಎಂದು ಹೆಸರಿಟ್ಟರು. ಸಿಂಧಿನಲ್ಲೂ ಒಂದು ಹೈದರಾಬಾದ್ ಇದೆ. ಅಲ್ಲಿ 1911ರಲ್ಲಿ ಪಹ್ಲಾಜರಾಯ್ ಥಡಾನಿ ಎಂಬ ಹಿಂದೂ ವ್ಯಾಪಾರಿ ಆರಂಭಿಸಿದ ಬೇಕರಿಯ ಹೆಸರು ‘ಬಾಂಬೆ’. ಆ ಹೈದರಾಬಾದಿನಲ್ಲಿ ಬಾಂಬೆ, ಈ ಹೈದರಾಬಾದಿನಲ್ಲಿ ಕರಾಚಿ, ಕರಾಚಿಯಲ್ಲಿ ದೆಹಲಿ!

ಫಲಕದ ಮೇಲಿನ ಊರನ್ನು ಎಲ್ಲರೂ ಹೀಗೆ ಓದುವುದಿಲ್ಲ ಎಂಬುದೂ ನಿಜ. 2019ರ ಫೆಬ್ರವರಿಯಲ್ಲಿ, ಪುಲ್ವಾಮಾ ದಾಳಿಯ ಬೆನ್ನಲ್ಲೇ, ಬೆಂಗಳೂರಿನಲ್ಲಿ ಆ ಬೇಕರಿಯ ಶಾಖೆಯೊಂದರ ಮುಂದೆ ಗುಂಪು ಸೇರಿತು. ಸಿಬ್ಬಂದಿ ‘ಕರಾಚಿ’ ಎಂಬ ಪದವನ್ನು ಬಟ್ಟೆಯಿಂದ ಮುಚ್ಚಬೇಕಾಯಿತು. ಸೈನಿಕರನ್ನು ಕಳೆದುಕೊಂಡ ದುಃಖ, ಸಿಟ್ಟು ಸಹಜವಾದದ್ದೇ. ಆದರೆ ಅಂದು ಮುಚ್ಚಿದ್ದು ಶತ್ರುವಿನ ಬಾವುಟವನ್ನಲ್ಲ. ಆ ನಗರವನ್ನು ಕಳೆದುಕೊಂಡು ಭಾರತಕ್ಕೆ ಬಂದವನೊಬ್ಬನ ತವರಿನ ಹೆಸರನ್ನು. ಕರಾಚಿಯಲ್ಲಿ ‘ದೆಹಲಿ’ ಎಂದು ಬರೆಸಿದವನ ನೋವೂ ಅದೇ ಜಾತಿಯದು.

ಇನ್ನೊಂದು ಮಾತು. ಬರ್ನ್ಸ್ ರೋಡಿನ ನಿಹಾರಿ ಇಂದು ದೆಹಲಿಯದ್ದೇ ಎನ್ನಲಾಗದು. ಏಳೆಂಟು ದಶಕಗಳಲ್ಲಿ ಮಸಾಲೆಯ ಪ್ರಮಾಣ ಬದಲಾಗಿದೆ. ಬೆಳಗಿನ ಅಡುಗೆ ರಾತ್ರಿಯೂಟವಾಗಿದೆ. 1980ರ ದಶಕದಿಂದ ಮಸಾಲೆಯ ಪೊಟ್ಟಣಗಳು ಬಂದು ದೆಹಲಿಯ ಸಂಬಂಧವೇ ಇಲ್ಲದ ಮನೆಗಳಲ್ಲೂ ನಿಹಾರಿ ಕುದಿಯುತ್ತಿದೆ. 2021ರಲ್ಲಿ ಸಂಜೆಯ ಹೊತ್ತು ವಾಹನ ನಿಲ್ಲಿಸಿ, ಬೀದಿಯನ್ನೇ ತಿನ್ನುವವರಿಗೆ ಬಿಟ್ಟುಕೊಟ್ಟರು. ಅಲ್ಲಿ ಪಠಾಣನೂ ಸಿಂಧಿಯೂ ಪಂಜಾಬಿಯೂ ಕುಳಿತು ಉಣ್ಣುತ್ತಾರೆ. ಬಡಿಸುವ ಮೊಮ್ಮಗ ದೆಹಲಿಯನ್ನು ಕಂಡವನಲ್ಲ. ಆದರೂ ಅಡುಗೆ ಉಳಿಯಿತು. ದೆಹಲಿಯವರು ತಮ್ಮತಮ್ಮಲ್ಲೇ ಬಾಗಿಲು ಹಾಕಿಕೊಂಡು ಉಂಡಿದ್ದರೆ ಅದು ಅಜ್ಜಿಯರೊಂದಿಗೇ ಮುಗಿದುಹೋಗುತ್ತಿತ್ತೇನೋ. ಪ್ರತಿದಿನ ಪರರಿಗೆ ಬಡಿಸಿದ್ದರಿಂದ ಉಳಿಯಿತು.

ಗಡಿಯಾಚೆಯ ಕನ್ನಡಿಗರಾದ ನಮ್ಮ ಸ್ಥಿತಿ ಬೇರೆ. ನಾವು ಊರು ಬಿಟ್ಟವರಲ್ಲ. ಆದವಾನಿ, ರಾಯದುರ್ಗಗಳು 1953ರಲ್ಲಿ ಆಂಧ್ರಕ್ಕೆ ಹೋದವು, ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿತು. ನಾವು ಅಂಗಳದಲ್ಲಿ ನಿಂತಂತೆಯೇ ರೇಖೆ ನಮ್ಮನ್ನು ದಾಟಿತು. ಕರಾಚಿಯ ದೆಹಲಿಯವರು ಪಟ್ಟ ಪಾಡಿನ ಮುಂದೆ ನಮ್ಮದು ಸಣ್ಣದೇ. ಆದರೂ ಅವರಿಂದ ಕಲಿಯುವುದು ಒಂದಿದೆ. ಮನವಿಪತ್ರ, ಸಭೆ, ಹೋರಾಟಗಳು ಬೇಕು. ಅವುಗಳ ಜತೆಗೆ ಕಿರಾಣಿ ಅಂಗಡಿಯ ಕಟ್ಟೆಯಲ್ಲಿ, ಚಹಾದ ಬೆಂಚಿನಲ್ಲಿ, ಮಲಯಾಳಿ, ತಮಿಳು, ತೆಲುಗು, ಮರಾಠಿ ಮಾತಾಡುವ ನೆರೆಯವನಿಗೂ ರುಚಿ ಹತ್ತುವಂತೆ ನಮ್ಮ ಭಾಷೆಯನ್ನು ದಿನವೂ ಬಡಿಸುತ್ತಿರಬೇಕು. ನಿನ್ನೆಯ ಹಂಡೆಯಿಂದ ಒಂದು ಸೌಟು ಸಾರು ಇಂದಿನದಕ್ಕೆ ಬೀಳುತ್ತಿದ್ದರೆ ಸಾಕು.