ದವಡೆಯ ಕೀಲಿಗೆ ರಾತ್ರಿಯ ಕವಚ

ನಿದ್ದೆಯಲ್ಲಿ ಹಲ್ಲು ಕಡಿಯುವ ಮಗುವಿನ ಹೊಟ್ಟೆಯಲ್ಲಿ ಜಂತುಹುಳುವಿದೆಯೆಂದು ತೀರ್ಮಾನಿಸಿ ಬೆಳಗಾಗುತ್ತಲೇ ಹರಳೆಣ್ಣೆ ಕುಡಿಸುತ್ತಿದ್ದ ಅಜ್ಜಿಯರನ್ನು ನಮ್ಮಲ್ಲಿ ಅನೇಕರು ಬಲ್ಲರು; ಆದರೆ ಅದೇ ಹಲ್ಲುಕಡಿತವು ಪ್ರಾಯಸ್ಥರಲ್ಲಿ ತೋರಿಬಂದು, ಮುಂಜಾನೆ ಕಿವಿಯ ಮುಂದೆ ನೋವು, ಬಾಯಿ ತೆರೆದಾಗ ಲಟಕ್ಕೆಂಬ ಸದ್ದು, ಕೆನ್ನೆಯ ಸ್ನಾಯುಗಳಲ್ಲಿ ಬಿಗಿತ ಇವುಗಳಾಗಿ ಪರಿಣಮಿಸಿದಾಗ ಆ ಹರಳೆಣ್ಣೆಯಿಂದ ಯಾವ ಪ್ರಯೋಜನವೂ ಇರಲಿಲ್ಲ. ಸುಶ್ರುತನು ಹನುಸಂಧಿಯು, ಎಂದರೆ ದವಡೆಯ ಕೀಲು, ಜಾರಿದಾಗ ಸ್ವೇದನ ಮಾಡಿ, ಅದನ್ನು ಸ್ವಸ್ಥಾನದಲ್ಲಿ ಕೂಡಿಸಿ, ಪಂಚಾಂಗೀ ಎಂಬ ಬಂಧವನ್ನು ಕಟ್ಟಬೇಕೆಂದು ವಿಧಿಸಿದ್ದಾನೆ. ಎಲುಬು ಮುರಿಯದೆ, ಕೀಲು ಜಾರದೆ, ಕೇವಲ ನೋಯುತ್ತಿರುವ ದವಡೆಗಾಗಿ ಹಲ್ಲುಗಳ ಮೇಲೆ ಕವಚವೊಂದನ್ನು ತೊಟ್ಟು ಮಲಗುವ ಪದ್ಧತಿಯಾದರೋ ತೀರ ಈಚಿನದು. ಅದು ಹುಟ್ಟಿದುದು ಯುದ್ಧಭೂಮಿಯ ವೈದ್ಯದಿಂದ.

ಅದಕ್ಕೆ ಬೇಕಾಗಿದ್ದ ದ್ರವ್ಯವು ಮೊದಲು ಸಿದ್ಧವಾಗಬೇಕಾಯಿತು. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1844ರಲ್ಲಿ ರಬ್ಬರನ್ನು ಗಂಧಕದೊಡನೆ ಕಾಯಿಸಿ ದೃಢಗೊಳಿಸುವ ವಿಧಾನಕ್ಕೆ ಪೇಟೆಂಟ್ ಪಡೆದನು. ಅವನ ತಮ್ಮ ನೆಲ್ಸನ್ 1851ರಲ್ಲಿ ಗಂಧಕದ ಪ್ರಮಾಣವನ್ನು ಹೆಚ್ಚಿಸಿ ಗಟ್ಟಿ ರಬ್ಬರಿಗೆ ಹಕ್ಕು ಪಡೆದನು. ವಲ್ಕನೈಟ್ ಎಂಬ ಈ ವಸ್ತುವು ದಂತವೈದ್ಯರ ಕೈಗೆ ಬಂದೊಡನೆ ಬಾಯಿಯ ಅಚ್ಚು ತೆಗೆದು, ಮೇಣದಲ್ಲಿ ರೂಪಿಸಿ, ಅದನ್ನು ಪ್ಲಾಸ್ಟರಿನಲ್ಲಿ ಹುದುಗಿಸಿ, ಮೇಣವು ಹೋದ ತೆರಪಿನಲ್ಲಿ ಮೆತ್ತನೆಯ ರಬ್ಬರನ್ನು ತುಂಬಿ, ಆವಿಯ ಒತ್ತಡದಲ್ಲಿ ಬೇಯಿಸಿದರೆ, ಆಯಾ ಬಾಯಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂರುವ ಪಟ್ಟಿಯೊಂದು ದೊರೆಯುವಂತಾಯಿತು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ದಕ್ಷಿಣದ ಪಕ್ಷದ ಜೇಮ್ಸ್ ಬ್ಯಾಕ್ಸ್ಟರ್ ಬೀನ್ ಅಟ್ಲಾಂಟಾದಲ್ಲಿಯೂ, ಥಾಮಸ್ ಬ್ರಯನ್ ಗನ್ನಿಂಗ್ ನ್ಯೂಯಾರ್ಕಿನಲ್ಲಿಯೂ ಮುರಿದ ದವಡೆಗಳನ್ನು ಇಂತಹ ಪಟ್ಟಿಗಳಿಂದಲೇ ಕೂಡಿಸುತ್ತಿದ್ದರು. 1865ರ ಏಪ್ರಿಲ್‌ನಲ್ಲಿ ರಥದಿಂದ ಬಿದ್ದು ದವಡೆ ಮುರಿದುಕೊಂಡು, ಹಾಸಿಗೆಯಲ್ಲಿರುವಾಗಲೇ ಲಿಂಕನ್ನನ ಕೊಲೆಯ ರಾತ್ರಿಯಂದು ಹಂತಕನ ಕತ್ತಿಗೂ ಕೆನ್ನೆಯೊಡ್ಡಿದ ವಿದೇಶಾಂಗ ಸಚಿವ ವಿಲಿಯಂ ಸೀವರ್ಡನಿಗೂ ಗನ್ನಿಂಗನ ವಲ್ಕನೈಟ್ ಪಟ್ಟಿಯೇ ಆಧಾರವಾಯಿತು. ಈ ವಸ್ತುವಿನ ಮೇಲೆ ಹಕ್ಕುಶುಲ್ಕ ವಸೂಲು ಮಾಡುತ್ತಿದ್ದ ಕಂಪನಿಯ ಖಜಾಂಚಿ ಜೊಸಾಯಾ ಬೇಕನ್ ಎಂಬಾತನನ್ನು 1879ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಹೋಟೆಲಿನಲ್ಲಿ ದಂತವೈದ್ಯನೊಬ್ಬನು ಗುಂಡಿಕ್ಕಿ ಕೊಂದನೆಂಬುದನ್ನು ನೋಡಿದರೆ, ಹಲ್ಲಿನ ವೈದ್ಯರೆಲ್ಲರೂ ಸಾಧುಗಳೆಂಬ ನಮ್ಮ ಭಾವನೆಯನ್ನು ಸ್ವಲ್ಪ ತಿದ್ದಿಕೊಳ್ಳಬೇಕಾಗುತ್ತದೆ.

ಮುರಿದ ಎಲುಬಿಗೆಂದು ಹುಟ್ಟಿದ ಈ ಸಾಧನವನ್ನು ಮುರಿಯದ ದವಡೆಗೆ ತೊಡಿಸಿದ ಕೀರ್ತಿ ವಿಯೆನ್ನಾದ ಮೊರಿಟ್ಸ್ ಕಾರೋಲಿಗೆ ಸಲ್ಲುತ್ತದೆ. ವಸಡಿನ ರೋಗಕ್ಕೆ ರಾತ್ರಿಯ ಹಲ್ಲುಮಸೆತವೇ ಮೂಲವೆಂದು ಅವನು 1901ರಲ್ಲಿ ವಾದಿಸಿ, ಹಲ್ಲುಗಳಿಗೆ ವಿಶ್ರಾಂತಿ ದೊರೆಯಲೆಂದು ಟೊಪ್ಪಿಗೆಗಳನ್ನು ತೊಡಿಸಿದನು. ಅವನ ಕಾರಣವು ತಪ್ಪಾಗಿತ್ತು; ಅವನ ಕವಚವು ಮಾತ್ರ ಉಳಿಯಿತು. ಮುಂದಿನ ಇತಿಹಾಸವೂ ಬಹುಮಟ್ಟಿಗೆ ಹೀಗೆಯೇ ಸಾಗುತ್ತದೆ.

1934ರಲ್ಲಿ ಸೇಂಟ್ ಲೂಯಿ ನಗರದ ಕಿವಿಮೂಗಿನ ತಜ್ಞ ಜೇಮ್ಸ್ ಕಾಸ್ಟೆನ್ ಹನ್ನೊಂದು ಮಂದಿ ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದನು. ದವಡೆಹಲ್ಲುಗಳನ್ನು ಕಳೆದುಕೊಂಡವರಲ್ಲಿ ಕೆಳದವಡೆಯು ಅತಿಯಾಗಿ ಮೇಲೇರಿ, ಕಿವಿಯ ಬಳಿಯ ನರಗಳನ್ನು ಒತ್ತುವುದರಿಂದಲೇ ಕಿವಿನೋವು, ಗುಂಯ್‌ಗುಟ್ಟುವ ಶಬ್ದ, ತಲೆಸುತ್ತು ಮುಂತಾದವು ಉಂಟಾಗುತ್ತವೆಯೆಂಬುದು ಅವನ ಸಿದ್ಧಾಂತ. ಹಲ್ಲಿನ ಎತ್ತರವನ್ನು ಏರಿಸುವ ಉತ್ಸಾಹವು ಇದರಿಂದ ಹಬ್ಬಿತು. 1948ರಲ್ಲಿ ಶರೀರರಚನಾ ಶಾಸ್ತ್ರಜ್ಞ ಹ್ಯಾರಿ ಸಿಷರ್ ಅಂತಹ ಒತ್ತುವಿಕೆ ಆ ಸ್ಥಳದಲ್ಲಿ ಸಾಧ್ಯವಿಲ್ಲವೆಂದು ತೋರಿಸಿದನಾದರೂ, ಕಾಸ್ಟೆನ್ನನ ಹೆಸರು ಬಹುಕಾಲ ಬಾಳಿತು.

1930ರ ದಶಕದ ಕಡೆಯಲ್ಲಿ ಅಕ್ರಿಲಿಕ್ ಬಂದು ವಲ್ಕನೈಟನ್ನು ಮೂಲೆಗೆ ಸರಿಸಿದ ಮೇಲೆ, ಮಿಷಿಗನ್ ವಿಶ್ವವಿದ್ಯಾನಿಲಯದ ಸಿಗುರ್ಡ್ ರಾಮ್‌ಫ್ಯೋರ್ಡ್ ಮತ್ತು ಮೇಜರ್ ಆಶ್ ಎಂಬುವರು ಇಂದಿಗೂ ಬಳಕೆಯಲ್ಲಿರುವ ರೂಪವನ್ನು ನೆಲೆಗೊಳಿಸಿದರು: ಮೇಲಿನ ಹಲ್ಲುಗಳೆಲ್ಲವನ್ನೂ ಮುಚ್ಚುವ ಗಟ್ಟಿ ಅಕ್ರಿಲಿಕ್ ಪಟ್ಟಿ, ಕೆಳಗಿನ ಹಲ್ಲುಗಳು ಸಮತಟ್ಟಾಗಿ ತಾಕಲು ನುಣುಪಾದ ಮೇಲ್ಮೈ, ದವಡೆಯು ಪಕ್ಕಕ್ಕೆ ಸರಿದಾಗ ಹಿಂದಿನ ಹಲ್ಲುಗಳು ಬಿಡಿಸಿಕೊಳ್ಳುವಂತೆ ಕೋರೆಹಲ್ಲಿನ ಬಳಿ ಸಣ್ಣದೊಂದು ಇಳಿಜಾರು.

ಈ ಕವಚವು ಹೇಗೆ ಗುಣ ಕೊಡುತ್ತದೆಂಬ ಪ್ರಶ್ನೆಯನ್ನು ನಿಷ್ಠುರವಾಗಿ ಕೇಳಿದವರು ಷಿಕಾಗೋದ ಚಾರ್ಲ್ಸ್ ಗ್ರೀನ್ ಮತ್ತು ಡೇನಿಯಲ್ ಲಾಸ್ಕಿನ್. 1972ರ ಅವರ ಅಧ್ಯಯನದಲ್ಲಿ, ಅಂಗುಳನ್ನು ಮಾತ್ರ ಮುಚ್ಚಿ ಹಲ್ಲುಗಳ ಕಚ್ಚಿಗೆ ಸ್ವಲ್ಪವೂ ಅಡ್ಡಬಾರದ ಪಟ್ಟಿಯಿಂದಲೂ ಕೆಲವರ ನೋವು ತಗ್ಗಿತು. ಪೂರ್ತಿ ಮುಚ್ಚುವ ಪಟ್ಟಿಯಿಂದ ಇನ್ನೂ ಹೆಚ್ಚು ಜನರಿಗೆ ತಗ್ಗಿತು. ಇದಕ್ಕಿಂತ ಸ್ವಾರಸ್ಯಕರವಾದುದು 1976ರ ಪ್ರಯೋಗ: ಹಲ್ಲುಗಳನ್ನು ಅರೆದು ಸರಿಪಡಿಸುತ್ತಿರುವಂತೆ ನಟಿಸಿ, ನಿಜಕ್ಕೂ ಏನನ್ನೂ ಅರೆಯದೆ ಕಳುಹಿಸಿದ 25 ಮಂದಿಯಲ್ಲಿ 16 ಮಂದಿಗೆ ನೋವು ಪೂರ್ಣವಾಗಿಯೋ ಬಹುಪಾಲೋ ಹೋಯಿತು. ವೈದ್ಯನ ಕೈಯ ಭರವಸೆಗೂ ಔಷಧಗುಣವಿದೆಯೆಂಬುದು ವೈದ್ಯಪರಂಪರೆಗೆ ಹೊಸ ಸಂಗತಿಯಲ್ಲ. ಆದರೆ ಅದು ಅಂಕಿಗಳಲ್ಲಿ ಕಂಡುಬಂದಾಗ, ಎಷ್ಟು ಜನರ ಒಳ್ಳೆಯ ಹಲ್ಲುಗಳು ವೃಥಾ ಸವೆದುಹೋದವೋ ಎಂಬ ವ್ಯಥೆ ಮೂಡದಿರದು.

ಈ ಎಚ್ಚರಿಕೆಯ ಮಾತು ಎಲ್ಲರ ಕಿವಿಗೂ ಬೀಳಲಿಲ್ಲ. ಅದೇ ದಶಕದಲ್ಲಿ ಅಲಬಾಮಾದ ವಿಲಿಯಂ ಫ್ಯಾರರ್ ಕೀಲಿನೊಳಗಿನ ತಟ್ಟೆಯು ಸ್ಥಳ ತಪ್ಪುವುದನ್ನು ವಿವರಿಸಿ, ಕೆಳದವಡೆಯನ್ನು ಮುಂದಕ್ಕೆ ತಂದು ನಿಲ್ಲಿಸುವ ಪಟ್ಟಿಯನ್ನು ಬಳಕೆಗೆ ತಂದನು. ಸದ್ದು ನಿಂತಿತು, ನಿಜ. ಆದರೆ ಹಗಲಿರುಳೂ ತಿಂಗಳುಗಟ್ಟಲೆ ತೊಟ್ಟವರಲ್ಲಿ ಹಿಂದಿನ ಹಲ್ಲುಗಳು ಒಂದನ್ನೊಂದು ಮುಟ್ಟದಂತಾಗಿ, ಅದನ್ನು ಮುಚ್ಚಲು ಕಿರೀಟಗಳನ್ನೂ ತಂತಿಗಳನ್ನೂ ಹಾಕಿಸಿಕೊಳ್ಳಬೇಕಾದ ಪ್ರಸಂಗಗಳು ಒದಗಿದವು. ಮತ್ತೆ ಕೆಲವು ವೈದ್ಯರು ತಟ್ಟೆಯನ್ನೇ ತೆಗೆದು ಟೆಫ್ಲಾನ್ ಕೂಡಿದ ಕೃತಕ ತಟ್ಟೆಯನ್ನಿಟ್ಟರು; ಅದು ಚೂರುಚೂರಾಗಿ ಎಲುಬನ್ನೇ ತಿಂದದ್ದರಿಂದ ಅಮೆರಿಕದ ಸರಕಾರವು 1990ರ ಸುಮಾರಿಗೆ ಆ ಮಾಲನ್ನು ಹಿಂತೆಗೆಸಿತು.

ಆದುದರಿಂದ ರಾತ್ರಿಯ ಕವಚವನ್ನು ಮಾಡಿಸಿಕೊಳ್ಳಹೊರಟ ಓದುಗರು, ಎಲ್ಲ ಹಲ್ಲುಗಳನ್ನೂ ಮುಚ್ಚುವ, ಬಾಯಿಯ ಅಚ್ಚಿನಿಂದಲೇ ತಯಾರಾದ ಗಟ್ಟಿ ಪಟ್ಟಿಯನ್ನು ಕೇಳಿ ಪಡೆಯಲಿ. ರಾತ್ರಿ ಮಾತ್ರ ತೊಡಲಿ. ಬೆಳಗ್ಗೆ ಹಲ್ಲುಗಳು ಎಂದಿನಂತೆ ಕೂಡುತ್ತಿವೆಯೇ ಎಂದು ನೋಡಿಕೊಳ್ಳಲಿ. ನೋವು ತಗ್ಗುವ ಮೊದಲೇ ಹಲ್ಲು ಅರೆಯಲು ಹೊರಟವರಿದ್ದರೆ, ಮತ್ತೊಬ್ಬ ವೈದ್ಯರ ಅಭಿಪ್ರಾಯ ಕೇಳದೆ ಒಪ್ಪಬಾರದು.